ಸೆಳವಿನಲ್ಲಿ ನಿಲುಗಡೆ: ಮುಳುಗುವಿಕೆಯ ಒಂದು ನಿಯಮದ ಚರಿತ್ರೆ

೧

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನಲ್ಲಿ, ಮುರ್ಡೇಶ್ವರದ ತೀರದಿಂದ ಸುಮಾರು ೧೯ ಕಿಲೋಮೀಟರು ದೂರದ ಸಮುದ್ರದಲ್ಲಿ, ನೇತ್ರಾಣಿ ಎಂಬ ಸಣ್ಣ ದ್ವೀಪವೊಂದಿದೆ. ಆಂಗ್ಲರ ನಕ್ಷೆಗಳಲ್ಲಿ ಇದು ಪಿಜನ್ ಐಲೆಂಡ್, ಎಂದರೆ ಪಾರಿವಾಳ ದ್ವೀಪ, ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ದ್ವೀಪದ ಸುತ್ತಲಿನ ನೀರಿನಲ್ಲಿ ಹವಳಗಳೂ ಬಗೆಬಗೆಯ ಮೀನುಗಳೂ ಇರುವ ಕಾರಣ, ಗಾಳಿ ತುಂಬಿದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಮುಳುಗುವ ಸ್ಕೂಬಾ ವಿದ್ಯೆಗೆ ಇದು ನಮ್ಮ ನಾಡಿನಲ್ಲಿ ಮುಖ್ಯ ಕ್ಷೇತ್ರವಾಗಿ ಪರಿಣಮಿಸಿದೆ. ೨೦೨೨ರಲ್ಲಿ ತೆರೆಕಂಡ ‘ಗಂಧದ ಗುಡಿ’ ಸಾಕ್ಷ್ಯಚಿತ್ರದ ಮೂಲಕ ಈ ನೀರಿನ ಒಳಲೋಕವನ್ನು ಕನ್ನಡಿಗರು ಮನೆಮನೆಯಲ್ಲಿಯೂ ಕಂಡರು. ರಾಜಾಜಿನಗರ, ವಿಜಯನಗರ, ಆರ್‌ಪಿಸಿ ಲೇಔಟ್ ಮೊದಲಾದ ಬೆಂಗಳೂರಿನ ಪಡುವಣ ಬಡಾವಣೆಗಳ ತರುಣರು ವಾರಾಂತ್ಯದಲ್ಲಿ ರಾತ್ರಿಯ ಬಸ್ಸು ಹತ್ತಿ, ಬೆಳಗಿನ ಜಾವ ಮುರ್ಡೇಶ್ವರವನ್ನು ಸೇರಿ, ನೇತ್ರಾಣಿಯಲ್ಲಿ ಮುಳುಗಿ ಬರುವುದು ಈಗ ಅಪರೂಪವಲ್ಲ.

ಹೀಗೆ ಮುಳುಗುವವರಿಗೆ ಕಲಿಸುವ ನಿಯಮಗಳಲ್ಲಿ ಒಂದು, ಮೇಲಕ್ಕೆ ಬರುವಾಗ ನೀರಿನ ಮಟ್ಟಕ್ಕಿಂತ ಸುಮಾರು ೫ ಮೀಟರು ಕೆಳಗೆ ಮೂರು ನಿಮಿಷಗಳ ಕಾಲ ತಡೆದು ನಿಲ್ಲಬೇಕೆಂಬುದು. ಇದನ್ನು ಸೇಫ್ಟಿ ಸ್ಟಾಪ್ ಎನ್ನುತ್ತಾರೆ. ನಾವು ಇಲ್ಲಿ ಸುರಕ್ಷತಾ ನಿಲುಗಡೆ ಎಂದು ಕರೆಯುತ್ತೇವೆ. ನಿಂತ ನೀರಿನಲ್ಲಿ ಈ ನಿಯಮ ಸುಲಭವಾದದ್ದು. ಆದರೆ ಸೆಳವು ಬಲವಾಗಿರುವಾಗ ನಿಲ್ಲುವುದೆಂದರೇನು? ನೀರೇ ನಿಲ್ಲದಿರುವಲ್ಲಿ ಮನುಷ್ಯನು ನಿಲ್ಲುವುದೆಂತು? ಈ ಪ್ರಶ್ನೆ ಮೇಲುನೋಟಕ್ಕೆ ಕೇವಲ ಅಭ್ಯಾಸಕ್ಕೆ ಸಂಬಂಧಿಸಿದ್ದಾಗಿ ತೋರುತ್ತದೆ. ವಾಸ್ತವವಾಗಿ ಇದು ಇತಿಹಾಸದ ಪ್ರಶ್ನೆಯೂ ಹೌದು. ನಿಯಮ ಯಾವ ನೀರಿನಲ್ಲಿ, ಯಾವ ಸಲಕರಣೆಯ ಜೊತೆಯಲ್ಲಿ ಹುಟ್ಟಿತು, ಅನಂತರ ಯಾವ ಸನ್ನಿವೇಶಕ್ಕೆ ಅದನ್ನು ಒಯ್ಯಲಾಯಿತು ಎಂಬುದನ್ನು ಅರಿತಲ್ಲದೆ ಇದಕ್ಕೆ ಸರಿಯಾದ ಉತ್ತರ ದೊರೆಯಲಾರದು. ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಬರಿಯ ಉಸಿರು ಬಿಗಿಹಿಡಿದು ಮುಳುಗುವವರು ಬಹು ಪ್ರಾಚೀನ ಕಾಲದಿಂದಲೂ ಇದ್ದಾರೆ. ಮನ್ನಾರ್ ಖಾರಿಯ ಮುತ್ತಿನ ಮುಳುಗಾಳುಗಳು ಇದಕ್ಕೆ ಸುಪ್ರಸಿದ್ಧ ನಿದರ್ಶನ. ನಮ್ಮ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ವೇಳೆಯನ್ನು ಕಾದು ನೀರಿಗಿಳಿದು ಬಳಚನ್ನು ಆಯುವವರೂ ಸಮುದ್ರದ ಚಲನೆಯನ್ನು ಬಲ್ಲವರೇ. ಒಂದೇ ಉಸಿರಿನಲ್ಲಿ ಕೆಳಗಿಳಿದು ಮೇಲೆ ಬರುವವನ ದೇಹ ಆಳದಲ್ಲಿ ಹೊಸ ಗಾಳಿಯನ್ನು ಸೇವಿಸುವುದಿಲ್ಲ; ಆದಕಾರಣ ಅವನಿಗೆ ಸಾಮಾನ್ಯವಾಗಿ ನಿಲುಗಡೆಯ ಅಗತ್ಯವಿಲ್ಲ. ಆಳದಲ್ಲಿದ್ದುಕೊಂಡೇ, ಆ ಆಳದ ಒತ್ತಡಕ್ಕೆ ಸಮನಾದ ಒತ್ತಡದ ಗಾಳಿಯನ್ನು ಉಸಿರಾಡುವ ಸಾಧನಗಳು ಬಂದ ಮೇಲೆಯೇ ಹೊಸದೊಂದು ವ್ಯಾಧಿ ಕಾಣಿಸಿಕೊಂಡಿತು.

ಸಮುದ್ರದಲ್ಲಿ ಪ್ರತಿ ೧೦ ಮೀಟರು ಆಳಕ್ಕೂ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ೨೦ ಮೀಟರು ಆಳದಲ್ಲಿರುವವನು ಮೂರು ವಾಯುಭಾರಗಳ ಒತ್ತಡದ ಗಾಳಿಯನ್ನು ಉಸಿರಾಡುತ್ತಾನೆ. ಗಾಳಿಯ ಸುಮಾರು ಐದರಲ್ಲಿ ನಾಲ್ಕು ಭಾಗ ಸಾರಜನಕ. ಒತ್ತಡ ಹೆಚ್ಚಿದಂತೆಲ್ಲ ಅದು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಹೆಚ್ಚುಹೆಚ್ಚಾಗಿ ಕರಗುತ್ತದೆ. ಒತ್ತಡ ಥಟ್ಟನೆ ಇಳಿದರೆ, ಸೋಡಾ ಶೀಶೆಯ ಬಿರಡೆ ತೆಗೆದಾಗ ಆಗುವಂತೆ, ಕರಗಿದ್ದ ಅನಿಲ ಗುಳ್ಳೆಗಳಾಗಿ ಹೊರಬೀಳುತ್ತದೆ. ಕೀಲುನೋವು, ಅಂಗಗಳ ಸ್ವಾಧೀನ ತಪ್ಪುವಿಕೆ, ಕೆಲವೊಮ್ಮೆ ಮರಣವೂ ಇದರ ಫಲ.

ಇಂದು ಇಷ್ಟು ಸರಳವಾಗಿ ಹೇಳಬಹುದಾದ ಈ ತತ್ತ್ವ ಮನವರಿಕೆಯಾಗಲು ಎರಡು ಶತಮಾನಗಳು ಹಿಡಿದವು. ರಾಬರ್ಟ್ ಬಾಯಲನು ವಾಯುರೇಚಕ ಯಂತ್ರದಲ್ಲಿ ಇರಿಸಿದ್ದ ಹಾವಿನ ಕಣ್ಣಿನಲ್ಲಿ ಗುಳ್ಳೆಯೊಂದು ಆಡುತ್ತಿದ್ದುದನ್ನು ಕಂಡು ೧೬೭೦ರಲ್ಲಿ ಪ್ರಕಟಿಸಿದನು. ೧೮೩೦ರ ದಶಕದಲ್ಲಿ ಆಗಸ್ಟಸ್ ಸೀಬೆ ಎಂಬವನು ಲೋಹದ ಶಿರಸ್ತ್ರಾಣವನ್ನು ಮುಚ್ಚಿದ ಅಂಗಿಗೆ ಜೋಡಿಸಿದ ಉಡುಪನ್ನು ರೂಪಿಸಿದನು. ೧೮೩೯ರಿಂದ ೧೮೪೩ರವರೆಗೆ ಇಂಗ್ಲೆಂಡಿನ ಸ್ಪಿಟ್‌ಹೆಡ್‌ನಲ್ಲಿ ‘ರಾಯಲ್ ಜಾರ್ಜ್’ ಎಂಬ ಮುಳುಗಿದ ಹಡಗಿನ ಅವಶೇಷಗಳನ್ನು ತೆಗೆಯಲು ಕರ್ನಲ್ ಪಾಸ್ಲಿಯ ಮುಳುಗುಗಾರರು ಬಹುಕಾಲ ದುಡಿದರು. ಅವರನ್ನು ಕಾಡಿದ ನೋವನ್ನು ಆಗಿನವರು ಶೀತದಿಂದ ಬಂದ ವಾತರೋಗವೆಂದು ಭಾವಿಸಿದರು.

ಅದೇ ಕಾಲದಲ್ಲಿ ಫ್ರಾನ್ಸಿನ ಗಣಿಗಳಲ್ಲಿ, ನೀರು ಒಳನುಗ್ಗದಂತೆ ಒತ್ತಡದ ಗಾಳಿ ತುಂಬಿದ ಕೊಳವೆಯೊಳಗೆ ಕೂಲಿಗಳು ಕೆಲಸ ಮಾಡುತ್ತಿದ್ದರು. ಪೋಲ್ ಮತ್ತು ವಾಟೆಲ್ ಎಂಬ ವೈದ್ಯರು ೧೮೫೪ರಲ್ಲಿ ಒಂದು ಮುಖ್ಯ ಸಂಗತಿಯನ್ನು ವರದಿಮಾಡಿದರು: ಕೇಡು ಸಂಭವಿಸುವುದು ಒತ್ತಡದೊಳಗೆ ಇರುವಾಗಲ್ಲ, ಅಲ್ಲಿಂದ ಹೊರಬರುವಾಗ, ಮತ್ತೆ ಒತ್ತಡದೊಳಗೆ ಸೇರಿಸಿದರೆ ನೋವು ಶಮನವಾಗುತ್ತದೆ. ಆದರೂ ಅಮೆರಿಕದ ಸೇಂಟ್ ಲೂಯಿಸ್ ಮತ್ತು ಬ್ರೂಕ್ಲಿನ್ ಸೇತುವೆಗಳ ತಳಪಾಯ ತೋಡುವಾಗ ಕೂಲಿಕಾರರು ಇದೇ ವ್ಯಾಧಿಗೆ ಬಲಿಯಾದರು. ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರು ವಾಷಿಂಗ್ಟನ್ ರೋಬ್ಲಿಂಗ್ ತಾನೇ ೧೮೭೨ರಲ್ಲಿ ಇದಕ್ಕೆ ತುತ್ತಾಗಿ ದುರ್ಬಲನಾದನು. ಗುಳ್ಳೆಗಳು ಸಾರಜನಕದವೆಂಬುದನ್ನು ಪ್ರಯೋಗಗಳಿಂದ ಸ್ಥಾಪಿಸಿದ ಕೀರ್ತಿ ಪಾಲ್ ಬೇರ್ ಎಂಬ ಫ್ರೆಂಚ್ ವಿಜ್ಞಾನಿಯದು. ಅವನ ಮಹಾಗ್ರಂಥ ಪ್ರಕಟವಾದದ್ದು ೧೮೭೮ರಲ್ಲಿ. ಮೆಲ್ಲಗೆ ಮೇಲೆ ಬರಬೇಕೆಂದು ಅವನು ವಿಧಿಸಿದನು. ಆದರೆ ಎಷ್ಟು ಮೆಲ್ಲಗೆ, ಎಲ್ಲಿ ತಡೆದು, ಎಷ್ಟು ಹೊತ್ತು ಎಂಬುದಕ್ಕೆ ಲೆಕ್ಕವಿರಲಿಲ್ಲ.

೩

ಆ ಲೆಕ್ಕವನ್ನು ಕೊಟ್ಟವನು ಜಾನ್ ಸ್ಕಾಟ್ ಹಾಲ್ಡೇನ್. ಬ್ರಿಟಿಷ್ ನೌಕಾಖಾತೆ ನೇಮಿಸಿದ ಸಮಿತಿಯ ಆಶ್ರಯದಲ್ಲಿ ಬಾಯ್ಕಾಟ್ ಮತ್ತು ಡಮಂಟ್ ಎಂಬವರೊಡನೆ ಕೂಡಿ, ಲಂಡನ್ನಿನ ಲಿಸ್ಟರ್ ಸಂಸ್ಥೆಯ ಒತ್ತಡದ ಕೋಣೆಯಲ್ಲಿ ಆಡುಗಳ ಮೇಲೆ ಅವನು ಪ್ರಯೋಗಗಳನ್ನು ನಡೆಸಿದನು. ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಕೇಡಿಲ್ಲ, ಅದಕ್ಕಿಂತ ಹೆಚ್ಚಾಗಿ ಇಳಿಸಿದರೆ ಅಪಾಯವಿದೆ ಎಂಬುದು ಅವನು ಕಂಡುಕೊಂಡ ಸೂತ್ರ. ಇದರಿಂದ ಹಂತಹಂತದ ನಿಲುಗಡೆಗಳ ಪದ್ಧತಿ ಹೊರಟಿತು. ಒಮ್ಮೆ ಸಾಕಷ್ಟು ಮೇಲಕ್ಕೆ ಬಂದು ನಿಲ್ಲಬೇಕು; ಹೆಚ್ಚಿನ ಸಾರಜನಕ ಉಸಿರಿನ ಮೂಲಕ ಹೊರಹೋಗಲು ಕಾಲಾವಕಾಶ ಕೊಡಬೇಕು; ಅನಂತರ ಮುಂದಿನ ಹಂತಕ್ಕೆ ಏರಬೇಕು. ೧೯೦೮ರಲ್ಲಿ ಪ್ರಕಟವಾದ ಈ ಮೂವರ ಪ್ರಬಂಧವೇ ಮುಂದಿನ ಎಲ್ಲ ಕೋಷ್ಟಕಗಳಿಗೂ ಮೂಲವೆನ್ನಬಹುದು.

ನಮ್ಮ ವಿಷಯಕ್ಕೆ ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಪರೀಕ್ಷೆ ನಡೆದ ನೀರು. ೧೯೦೬ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ, ಭೂಮಿಯೊಳಕ್ಕೆ ಚಾಚಿಕೊಂಡ ಸಮುದ್ರದ ತೋಳೊಂದರಲ್ಲಿ, ಡಮಂಟ್ ಮತ್ತು ಕ್ಯಾಟೋ ಎಂಬ ನೌಕಾಧಿಕಾರಿಗಳು ೨೧೦ ಅಡಿಗಳವರೆಗೆ ಮುಳುಗಿ ಈ ಪದ್ಧತಿಯನ್ನು ಪರೀಕ್ಷಿಸಿದರು. ಅದು ತೆರೆದ ಸಾಗರವಲ್ಲ, ಬೆಟ್ಟಗಳ ಮರೆಯಲ್ಲಿದ್ದ ನೀರು. ಎರಡನೆಯದು, ಮುಳುಗುಗಾರನ ಸಲಕರಣೆ. ಅವನ ಉಸಿರು ಮೇಲಿನ ದೋಣಿಯ ಪಂಪಿನಿಂದ ಕೊಳವೆಯ ಮೂಲಕ ಬರುತ್ತಿತ್ತು. ಸೀಸದ ಭಾರದ ಪಾದರಕ್ಷೆಗಳನ್ನು ತೊಟ್ಟ ಅವನು ಗುಂಡು ಕಟ್ಟಿ ಇಳಿಬಿಟ್ಟ ಹಗ್ಗವನ್ನು ಹಿಡಿದು ಇಳಿಯುತ್ತಿದ್ದನು, ಅದನ್ನೇ ಹಿಡಿದು ಏರುತ್ತಿದ್ದನು. ಯಾವ ಆಳದಲ್ಲಿ ಎಷ್ಟು ನಿಮಿಷ ತಡೆಯಬೇಕೆಂಬುದನ್ನು ನಿರ್ಧರಿಸುತ್ತಿದ್ದವರು ಗಡಿಯಾರ ಹಿಡಿದು ಮೇಲೆ ಕುಳಿತವರು. ಎಂದರೆ ಹಾಲ್ಡೇನನ ನಿಲುಗಡೆಯಲ್ಲಿ ಆಳ, ಸ್ಥಳ ಎರಡೂ ಒಂದೇ ಹಗ್ಗದಲ್ಲಿ ಬಿಗಿದುಕೊಂಡಿದ್ದವು. ಸೆಳವು ಬಲವಾಗಿದ್ದರೆ, ಭರತ ಇಳಿತಗಳ ನಡುವೆ ನೀರು ತುಸು ಹೊತ್ತು ಸ್ತಬ್ಧವಾಗುವ ಸಮಯವನ್ನು ಕಾಯುವುದೇ ಅಂಥವರಿಗೆ ಮುಖ್ಯ ಉಪಾಯವಾಗಿತ್ತು.

ಈ ಪದ್ಧತಿಯ ಶಕ್ತಿ ಎಂಥದೆಂಬುದು ಮೊದಲ ಮಹಾಯುದ್ಧದಲ್ಲಿ ಐರ್ಲೆಂಡಿನ ಉತ್ತರಕ್ಕೆ ಮುಳುಗಿದ ‘ಲಾರೆಂಟಿಕ್’ ಹಡಗಿನ ಪ್ರಸಂಗದಿಂದ ವಿದಿತವಾಗುತ್ತದೆ. ಹಾಲ್ಡೇನನ ಸಹೋದ್ಯೋಗಿಯಾಗಿದ್ದ ಡಮಂಟನೇ ೧೯೧೭ರಿಂದ ೧೯೨೪ರವರೆಗೆ ಆ ಕಾರ್ಯದ ಮೇಲ್ವಿಚಾರಣೆ ವಹಿಸಿ, ೩೨೧೧ ಚಿನ್ನದ ಗಟ್ಟಿಗಳಲ್ಲಿ ೨೫ನ್ನು ಬಿಟ್ಟು ಮಿಕ್ಕವನ್ನೆಲ್ಲ ಮೇಲೆ ತೆಗೆಸಿದನು. ಮುಳುಗುಗಾರರಲ್ಲಿ ಒಬ್ಬನೂ ಸಾಯಲಿಲ್ಲ.

ಈ ಸಂಶೋಧನೆಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ೧೯೦೬ರ ಆ ಪರೀಕ್ಷೆಗಳ ಕಾಲದಲ್ಲಿ ಹಾಲ್ಡೇನನ ಮಗ, ಹದಿಮೂರು ವರ್ಷದ ಹುಡುಗ, ತಂದೆಯ ಜೊತೆಯಲ್ಲಿದ್ದು ತಾನೂ ಒಮ್ಮೆ ಉಡುಪು ತೊಟ್ಟು ನೀರಿಗಿಳಿದಿದ್ದನು. ಅವರೇ ಮುಂದೆ ತಳಿವಿಜ್ಞಾನದಲ್ಲಿ ವಿಖ್ಯಾತರಾದ ಜೆ. ಬಿ. ಎಸ್. ಹಾಲ್ಡೇನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ತಮ್ಮ ದೇಹವನ್ನೇ ಪ್ರಯೋಗಶಾಲೆಯಾಗಿಸಿಕೊಂಡು ಒತ್ತಡದ ಕೋಣೆಯಲ್ಲಿ ಸಂಶೋಧನೆ ಮಾಡಿದರು. ೧೯೫೭ರಲ್ಲಿ ಭಾರತಕ್ಕೆ ಬಂದು ನೆಲೆಸಿ, ೧೯೬೧ರಲ್ಲಿ ಇಲ್ಲಿನ ಪ್ರಜೆಯಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

೪

೧೯೪೩ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾಂ ಎಂಬವರು, ಆಳಕ್ಕೆ ತಕ್ಕ ಒತ್ತಡದಲ್ಲಿ ಬೇಕಾದಾಗ ಬೇಕಾದಷ್ಟೇ ಗಾಳಿ ಕೊಡುವ ಕವಾಟವನ್ನು ಸಿದ್ಧಪಡಿಸಿದರು. ಬೆನ್ನಿನ ಮೇಲೆಯೇ ಗಾಳಿಯನ್ನು ಹೊತ್ತ ಮುಳುಗುಗಾರನಿಗೆ ಮೇಲಿನ ಪಂಪೂ ಬೇಡವಾಯಿತು, ಕೊಳವೆಯೂ ಬೇಡವಾಯಿತು. ಅವನು ಮೀನಿನಂತೆ ಸ್ವತಂತ್ರನಾದನು. ಆದರೆ ಹಗ್ಗ ಕಡಿದುಹೋದುದರ ಜೊತೆಗೆ, ಅವನ ಆಳವನ್ನೂ ಕಾಲವನ್ನೂ ಮೇಲಿನಿಂದ ಕಾಯುತ್ತಿದ್ದ ಕಾವಲೂ ತಪ್ಪಿತು. ಹಾಲ್ಡೇನನ ಕೋಷ್ಟಕ ಉಳಿಯಿತು. ಅದನ್ನು ಪಾಲಿಸುವಂತೆ ಮಾಡುತ್ತಿದ್ದ ಸಾಧನ ಉಳಿಯಲಿಲ್ಲ.

ಇದರ ಪರಿಣಾಮ ಮೊದಲು ಕಾಣಿಸಿದ್ದು ಏರುವ ವೇಗದ ವಿಚಾರದಲ್ಲಿ. ೧೯೫೦ರ ದಶಕದಲ್ಲಿ ಅಮೆರಿಕದ ನೌಕಾಪಡೆ ತನ್ನ ಕೋಷ್ಟಕಗಳನ್ನು ಪರಿಷ್ಕರಿಸುತ್ತಿದ್ದಾಗ, ಈಜುತ್ತ ಮುಳುಗುವ ಪಡೆಯವರು ನಿಮಿಷಕ್ಕೆ ೧೦೦ ಅಡಿಗಳ ವೇಗವನ್ನು ಕೇಳಿದರು. ಭಾರದ ಉಡುಪಿನವರನ್ನು ಅಷ್ಟು ಬೇಗ ಮೇಲೆತ್ತುವುದು ಅಸಾಧ್ಯವಾಗಿತ್ತು. ಅವರಿಗೆ ನಿಮಿಷಕ್ಕೆ ೨೫ ಅಡಿಯೇ ರೂಢಿ. ಕೊನೆಗೆ ಎರಡು ಪಕ್ಷದವರೂ ೬೦ ಅಡಿಗಳಿಗೆ ಒಪ್ಪಿದರು. ಹಲವು ದಶಕಗಳ ಕಾಲ ಜಗತ್ತಿನ ಮುಳುಗುಗಾರರು ಪಾಲಿಸಿದ ಆ ಸಂಖ್ಯೆ ಶರೀರವಿಜ್ಞಾನದ ತೀರ್ಮಾನಕ್ಕಿಂತ ಹೆಚ್ಚಾಗಿ ಒಂದು ರಾಜಿಯ ಫಲವಾಗಿತ್ತೆಂಬುದು ಇತಿಹಾಸದ ವಿದ್ಯಾರ್ಥಿಗಳು ಮನದಲ್ಲಿಡತಕ್ಕ ಸಂಗತಿ. ೧೯೯೦ರ ದಶಕದಲ್ಲಿ ಅದೇ ನೌಕಾಪಡೆ ಈ ವೇಗವನ್ನು ೩೦ ಅಡಿಗಳಿಗೆ ಇಳಿಸಿತು.

ಈ ನಡುವೆ, ಶಬ್ದತರಂಗಗಳ ನೆರವಿನಿಂದ ರಕ್ತನಾಳದಲ್ಲಿ ಹರಿಯುವ ಗುಳ್ಳೆಗಳನ್ನು ಆಲಿಸುವ ಡಾಪ್ಲರ್ ಯಂತ್ರ ಬಳಕೆಗೆ ಬಂದಿತ್ತು. ೧೯೭೦ರ ದಶಕದ ಮಧ್ಯಭಾಗದಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ದ್ವೀಪದಲ್ಲಿ ಆಂಡ್ರ್ಯೂ ಪಿಲ್ಮಾನಿಸ್ ಇದನ್ನು ಮುಳುಗುಗಾರರ ಮೇಲೆ ಪ್ರಯೋಗಿಸಿದನು. ಕೋಷ್ಟಕದ ಪ್ರಕಾರ ನಿಲುಗಡೆ ಬೇಕಿಲ್ಲದ, ೧೦೦ ಅಡಿ ಆಳದಲ್ಲಿ ೨೫ ನಿಮಿಷಗಳ ಮುಳುಗಿನ ಅನಂತರವೂ ರಕ್ತದಲ್ಲಿ ಗುಳ್ಳೆಗಳು ಕೇಳಿಬಂದವು. ಮೇಲೆ ಬರುವ ಮುನ್ನ ೧೦ ಅಡಿ ಆಳದಲ್ಲಿ ಎರಡೇ ನಿಮಿಷ ತಡೆದರೆ ಅವು ಗಣನೀಯವಾಗಿ ಕಡಿಮೆಯಾದವು. ೨೦ ಅಡಿಯಲ್ಲಿ ಒಂದು ನಿಮಿಷ, ೧೦ ಅಡಿಯಲ್ಲಿ ನಾಲ್ಕು ನಿಮಿಷ ತಡೆದಾಗ ಅವು ಬಹುಮಟ್ಟಿಗೆ ಇಲ್ಲವಾದವು. ಗುಳ್ಳೆ ಕಂಡವರಿಗೆಲ್ಲ ವ್ಯಾಧಿ ಬರುವುದಿಲ್ಲ. ಆದರೂ ಗುಳ್ಳೆ ಕಡಿಮೆಯಾದಷ್ಟೂ ಅಪಾಯ ಕಡಿಮೆ ಎಂದು ತಿಳಿಯಲು ಆಧಾರವಿದೆ. ೧೯೮೯ರಲ್ಲಿ ಅಮೆರಿಕದ ವಿಜ್ಞಾನಿ ಮುಳುಗುಗಾರರ ಅಕಾಡೆಮಿ ವುಡ್ಸ್ ಹೋಲ್‌ನಲ್ಲಿ ಸೇರಿ, ಪ್ರತಿಯೊಂದು ಮುಳುಗಿನ ಕೊನೆಯಲ್ಲಿಯೂ ೧೦ರಿಂದ ೩೦ ಅಡಿಗಳ ನಡುವೆ ಮೂರರಿಂದ ಐದು ನಿಮಿಷ ನಿಲ್ಲಬೇಕೆಂದು ಸಲಹೆ ನೀಡಿತು.

ಇಲ್ಲಿ ಎರಡು ಬಗೆಯ ನಿಲುಗಡೆಗಳ ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಾಲ್ಡೇನನದು ಕಡ್ಡಾಯದ ನಿಲುಗಡೆ. ಹೆಚ್ಚು ಆಳದಲ್ಲಿ ಹೆಚ್ಚು ಹೊತ್ತು ಇದ್ದವನು ಅದನ್ನು ಬಿಟ್ಟರೆ ಕೇಡಿನ ಸಂಭವ ಬಹಳ. ಸುರಕ್ಷತಾ ನಿಲುಗಡೆಯಾದರೋ, ನಿಲುಗಡೆಯಿಲ್ಲದೆಯೇ ಮೇಲೆ ಬರಬಹುದಾದವನು ಹೆಚ್ಚಿನ ಭದ್ರತೆಗಾಗಿ ಇರಿಸಿಕೊಂಡ ಅಂಚು. ೫ ಮೀಟರಿನ ಆಯ್ಕೆಯೂ ಅರ್ಥಪೂರ್ಣವಾದದ್ದೇ. ೩೦ ಮೀಟರಿನಿಂದ ೨೦ಕ್ಕೆ ಬಂದರೆ ಒತ್ತಡ ನಾಲ್ಕರಲ್ಲಿ ಒಂದು ಭಾಗ ಇಳಿಯುತ್ತದೆ. ೧೦ ಮೀಟರಿನಿಂದ ಮೇಲಕ್ಕೆ ಬಂದರೆ ಅರ್ಧಕ್ಕೆ ಇಳಿಯುತ್ತದೆ. ಕೊನೆಯ ಕೆಲವು ಮೀಟರುಗಳೇ ಅತ್ಯಂತ ಸೂಕ್ಷ್ಮವಾದವು.

೫

ಇನ್ನು ಸೆಳವಿನ ವಿಚಾರ. ಹಗ್ಗದ ಕಾಲದಿಂದ ಬಂದ ‘ನಿಲುಗಡೆ’ ಎಂಬ ಮಾತೇ ಇಲ್ಲಿ ತಪ್ಪು ಕಲ್ಪನೆಗೆ ಎಡೆಗೊಡುತ್ತದೆ. ನಿಲ್ಲುವುದೆಂದರೆ ಒಂದೆಡೆ ಕದಲದೆ ಇರುವುದೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಅಂಗಾಂಶದಲ್ಲಿ ಕರಗಿದ ಸಾರಜನಕಕ್ಕೆ ಸ್ಥಳದ ಪರಿವೆಯಿಲ್ಲ. ಅದಕ್ಕೆ ಗೊತ್ತಿರುವುದು ಒತ್ತಡ ಮತ್ತು ಕಾಲ ಎರಡೇ. ಸಮುದ್ರತಳದ ಬಂಡೆಯನ್ನು ಕುರಿತು ನೋಡಿದರೆ ಮುಳುಗುಗಾರನು ಮೂರು ನಿಮಿಷಗಳಲ್ಲಿ ನೂರಾರು ಮೀಟರು ದೂರ ಸಾಗಿರಬಹುದು. ಅವನ ಆಳ ೫ ಮೀಟರಿನಲ್ಲಿಯೇ ಉಳಿದಿದ್ದರೆ ನಿಲುಗಡೆ ಪೂರ್ಣವಾಯಿತೆಂದೇ ಅರ್ಥ. ನಿಲುಗಡೆ ಆಳಕ್ಕೆ ಸಂಬಂಧಿಸಿದ್ದು, ಸ್ಥಳಕ್ಕೆ ಸಂಬಂಧಿಸಿದ್ದಲ್ಲ. ಹಗ್ಗದ ಕಾಲದಲ್ಲಿ ಬೆಸೆದುಕೊಂಡಿದ್ದ ಈ ಎರಡನ್ನು ಬೇರ್ಪಡಿಸಿ ನೋಡಿದುದೇ ಸೆಳವಿನ ಸಮಸ್ಯೆಗೆ ದೊರೆತ ಮುಖ್ಯ ಪರಿಹಾರ.

ಹಂಪೆಯ ಬಳಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಹುಟ್ಟು ಹಾಕದೆ ಹರಿಗೋಲನ್ನು ನೀರಿಗೆ ಬಿಟ್ಟರೆ ಒಳಗೆ ಕುಳಿತವನಿಗೆ ನೀರು ನಿಂತಂತೆಯೇ ತೋರುತ್ತದೆ; ಓಡುವುದು ದಡ. ಅದೇ ಹರಿಗೋಲನ್ನು ನಡುಹೊಳೆಯಲ್ಲಿ ಬಂಡೆಗೆ ಕಟ್ಟಿಹಾಕಿದರೆ ಹೊಳೆಯ ಬಲವೆಲ್ಲ ಹಗ್ಗದ ಮೇಲೆ ಬೀಳುತ್ತದೆ. ಸೆಳವಿನಲ್ಲಿ ಲಂಗರಿನ ಹಗ್ಗವನ್ನು ಹಿಡಿದು ನಿಲ್ಲುವ ಮುಳುಗುಗಾರನ ಸ್ಥಿತಿ ಈ ಎರಡನೆಯದು. ಅವನ ಮೈ ಬಾವುಟದಂತೆ ಅಡ್ಡಲಾಗಿ ಚಾಚಿಕೊಳ್ಳುತ್ತದೆ, ತೋಳು ಸೋಲುತ್ತದೆ, ಉಸಿರು ಹೆಚ್ಚಿ ಸಿಲಿಂಡರಿನ ಗಾಳಿ ಬೇಗ ಬರಿದಾಗುತ್ತದೆ. ಮೇಲಿನ ದೋಣಿ ಅಲೆಗೆ ಏರಿಳಿದಂತೆಲ್ಲ ಹಗ್ಗವೂ ಅವನೂ ಏರಿಳಿಯುತ್ತಾರೆ. ಸ್ಥಳ ಸ್ಥಿರವಾದರೂ ಆಳ ಅಸ್ಥಿರವಾಗುತ್ತದೆ. ಸೆಳವಿಗೆ ಎದುರಾಗಿ ಈಜುತ್ತ ನಿಲ್ಲುವುದು ಇನ್ನೂ ಕೇಡು. ತೀವ್ರ ಶ್ರಮ ಗುಳ್ಳೆಗಳನ್ನು ಹೆಚ್ಚಿಸಬಹುದು. ನಿಲುಗಡೆಯ ಉದ್ದೇಶವೇ ಅದರಿಂದ ಕೆಡುತ್ತದೆ.

ಆದುದರಿಂದ ರೂಢಿಯಲ್ಲಿ ಎರಡು ಮಾರ್ಗಗಳು ಬೆಳೆದುಬಂದಿವೆ. ಸೆಳವು ಸಾಧಾರಣವಾಗಿದ್ದು ದೋಣಿ ಲಂಗರು ಹಾಕಿದ್ದರೆ, ಲಂಗರಿನ ಹಗ್ಗಕ್ಕೆ ಒಂದೆರಡು ಮೀಟರು ಉದ್ದದ ಇನ್ನೊಂದು ಸಣ್ಣ ಹಗ್ಗವನ್ನು ಸಿಕ್ಕಿಸಿ ಅದರ ತುದಿಯನ್ನು ಹಿಡಿದುಕೊಳ್ಳುವುದು ಮೊದಲನೆಯದು. ದೋಣಿಯ ಕುಲುಕು ಆ ಸಣ್ಣ ಹಗ್ಗದ ಸಡಿಲದಲ್ಲಿಯೇ ಅಡಗುತ್ತದೆ. ಸೆಳವು ಬಲವಾಗಿದ್ದರೆ ಅದರೊಡನೆಯೇ ತೇಲಿಹೋಗುವುದು ಎರಡನೆಯ ಮಾರ್ಗ. ಮುಳುಗುಗಾರನು ನೀರಿನೊಳಗಿನಿಂದಲೇ ಗಾಢವರ್ಣದ ಉದ್ದನೆಯ ಚೀಲವೊಂದಕ್ಕೆ ಗಾಳಿ ತುಂಬಿ, ರಾಟೆಗೆ ಸುತ್ತಿದ ದಾರದ ತುದಿಯಲ್ಲಿ ಅದನ್ನು ಮೇಲಕ್ಕೆ ಬಿಡುತ್ತಾನೆ. ಮೇಲೆ ನಿಂತ ಚೀಲವನ್ನು ಕಂಡು ದೋಣಿ ಹಿಂಬಾಲಿಸುತ್ತದೆ. ದಾರದ ಉದ್ದವನ್ನು ನೋಡಿಕೊಂಡು ಅವನು ತನ್ನ ಆಳವನ್ನು ಕಾಯ್ದುಕೊಳ್ಳುತ್ತಾನೆ. ಭರತ ಇಳಿತಗಳ ಸೆಳವು ಪ್ರಬಲವಾದ ಬ್ರಿಟನ್ನಿನ ಸುತ್ತಲಿನ ಕಡಲಿನಲ್ಲಿ ಈ ಕ್ರಮ ವಿಶೇಷವಾಗಿ ನೆಲೆಗೊಂಡಿದೆ. ಹಾಲ್ಡೇನನ ಹಗ್ಗವೇ ಇಲ್ಲಿ ಮರಳಿ ಬಂದಿದೆ ಎನ್ನಬಹುದು. ಭೇದವಿಷ್ಟೇ, ಅದರ ಕೆಳತುದಿ ನೆಲಕ್ಕೆ ಅಂಟಿಲ್ಲ.

ಇವೆರಡೂ ಸಾಧ್ಯವಾಗದ ಸನ್ನಿವೇಶವೂ ಉಂಟು. ಚೀಲವಿಲ್ಲ, ದೋಣಿ ಲಂಗರು ಹಾಕಿ ನಿಂತಿದೆ, ಸೆಳವು ಮುಳುಗುಗಾರನನ್ನು ತೆರೆದ ಕಡಲಿಗೆ ಎಳೆಯುತ್ತಿದೆ. ಆಗ ಮೇಲೆ ಹೇಳಿದ ಭೇದವೇ ದಾರಿ ತೋರುತ್ತದೆ. ನಿಲುಗಡೆ ಕಡ್ಡಾಯದ್ದಲ್ಲವಾದರೆ, ಮೆಲ್ಲಗೆ ಮೇಲೆ ಬಂದು ಜನರ ಕಣ್ಣಿಗೆ ಬೀಳುವುದೇ ವಿವೇಕ. ಭದ್ರತೆಯ ಅಂಚನ್ನು ಉಳಿಸಿಕೊಳ್ಳಲು ಹೋಗಿ ಪ್ರಾಣವನ್ನೇ ಪಣವಾಗಿ ಒಡ್ಡುವುದು ನಿಯಮದ ಆಶಯವಲ್ಲ. ನಿಲುಗಡೆ ಕಡ್ಡಾಯವಾಗುವಷ್ಟು ಆಳಕ್ಕೆ ಸೆಳವಿನ ನೀರಿನಲ್ಲಿ ಸಿದ್ಧತೆಯಿಲ್ಲದೆ ಇಳಿಯಲೇಬಾರದೆಂಬುದು ಇದರಿಂದಲೇ ಸಿದ್ಧವಾಗುತ್ತದೆ.

೬

ಈ ವಿವೇಚನೆಯನ್ನು ನೇತ್ರಾಣಿಗೆ ಅನ್ವಯಿಸಿ ನೋಡಬಹುದು. ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಹರಿಯುವ ಸಮುದ್ರಪ್ರವಾಹ ಮುಂಗಾರಿನಲ್ಲಿ ದಕ್ಷಿಣಾಭಿಮುಖವಾಗಿಯೂ, ಚಳಿಗಾಲದಲ್ಲಿ ಉತ್ತರಾಭಿಮುಖವಾಗಿಯೂ ಇರುತ್ತದೆ. ಇದರ ಮೇಲೆ ದಿನಕ್ಕೆರಡು ಬಾರಿ ಭರತ ಇಳಿತಗಳ ಚಲನೆ ಸೇರಿಕೊಳ್ಳುತ್ತದೆ. ಕಡಲ ನಡುವೆ ನಿಂತ ಯಾವ ದ್ವೀಪವೇ ಆಗಲಿ, ಹರಿವನ್ನು ಸೀಳುತ್ತದೆ. ಮೂಲೆಗಳಲ್ಲಿ ಸೆಳವು ಬಿರುಸಾಗಿ, ಮರೆಯಲ್ಲಿ ನೀರು ಶಾಂತವಾಗಿರುತ್ತದೆ. ಮರೆಯ ಬದಿಯಿಂದ ಮೂಲೆಯನ್ನು ದಾಟಿದವನಿಗೆ ಕೆಲವೇ ಕ್ಷಣಗಳಲ್ಲಿ ಬೇರೊಂದು ನೀರು ಎದುರಾಗಬಹುದು. ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗುವುದರಿಂದ ಅಲ್ಲಿ ಮುಳುಗುವ ಕಾರ್ಯ ನಿಂತು, ಮಳೆ ಕಳೆದ ಮೇಲೆ ಮತ್ತೆ ಮೊದಲಾಗುತ್ತದೆ. ಶಿಕ್ಷಕನ ಕೈಹಿಡಿದು ಮೊದಲ ಬಾರಿಗೆ ಇಳಿಯುವವರಿಗೆ ಸಾಮಾನ್ಯವಾಗಿ ೧೨ ಮೀಟರಿನ ಮಿತಿಯಿದೆ. ತರಬೇತಿ ಪಡೆದು ಅದಕ್ಕಿಂತ ಕೆಳಗೆ ಹೋಗುವವರಿಗೆ ಮೇಲೆ ಹೇಳಿದ ಸಂಗತಿಗಳೆಲ್ಲ ಅಗತ್ಯವಾದ ತಿಳಿವಳಿಕೆ.

ಬೆಂಗಳೂರಿನವರಿಗೆ ಇದರಲ್ಲಿ ವಿಶೇಷವಾದ ಇನ್ನೊಂದು ಅಂಶವಿದೆ. ಮುಳುಗುಗಾರನ ಆರೋಹಣ ನೀರಿನ ಮಟ್ಟದಲ್ಲಿ ಮುಗಿಯುತ್ತದೆಂದು ನಾವು ತಿಳಿಯುತ್ತೇವೆ. ಆದರೆ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಮೇಲಿದೆ. ಇಲ್ಲಿನ ವಾಯುಭಾರ ಕರಾವಳಿಯದಕ್ಕಿಂತ ಹತ್ತರಲ್ಲಿ ಒಂದು ಭಾಗದಷ್ಟು ಕಡಿಮೆ. ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿದವನು ಸಂಜೆಯ ಬಸ್ಸು ಹತ್ತಿ ಗೇರುಸೊಪ್ಪೆಯ ಘಟ್ಟವನ್ನೇರಿದರೆ, ಅವನ ಆರೋಹಣ ಇನ್ನೂ ಮುಂದುವರಿಯುತ್ತಿದೆ ಎಂದೇ ಹೇಳಬೇಕು. ಅಮೆರಿಕದ ನೌಕಾಪಡೆ ಮುಳುಗಿದ ಅನಂತರ ೩೦೦ ಮೀಟರಿಗಿಂತ ಮೇಲೇರುವವರಿಗೆ ಪ್ರತ್ಯೇಕ ಕೋಷ್ಟಕವನ್ನೇ ವಿಧಿಸಿದೆ. ವಿಮಾನಯಾನದ ವಿಷಯದಲ್ಲಿ ೨೦೦೨ರ ತಜ್ಞರ ಸಭೆಯೊಂದು, ಒಂದೇ ಬಾರಿ ಮುಳುಗಿದವರು ೧೨ ಗಂಟೆ, ಹಲವು ಬಾರಿ ಮುಳುಗಿದವರು ೧೮ ಗಂಟೆ ಕಾಯಬೇಕೆಂದು ಸೂಚಿಸಿತು. ಆ ಸೂಚನೆ ಅನ್ವಯಿಸುವುದು ೨೦೦೦ದಿಂದ ೮೦೦೦ ಅಡಿಗಳ ಎತ್ತರದ ಒತ್ತಡಕ್ಕೆ. ಬೆಂಗಳೂರಿನ ಸುಮಾರು ೩೦೦೦ ಅಡಿ ಅದರೊಳಗೇ ಬರುತ್ತದೆ. ಎತ್ತರದಲ್ಲಿ ಒತ್ತಡ ಇಳಿದಾಗ ದೇಹಕ್ಕೆ ಆಗುವ ಪರಿಣಾಮಗಳ ಅಧ್ಯಯನಕ್ಕೆ ೧೯೫೭ರಲ್ಲಿ ಸ್ಥಾಪಿತವಾದ ವಾಯುಪಡೆಯ ಸಂಸ್ಥೆ ನಮ್ಮ ಈ ನಗರದಲ್ಲಿಯೇ ಇದೆಯೆಂಬುದು ಇಲ್ಲಿ ಸ್ಮರಣೀಯ.

ಮುರ್ಡೇಶ್ವರದಲ್ಲಿ ಒಂದು ರಾತ್ರಿ ತಂಗಿ ಮರುದಿನ ಹೊರಡುವುದೂ ಈ ದೃಷ್ಟಿಯಿಂದ ಒಂದು ನಿಲುಗಡೆಯೇ ಸರಿ. ಅಲ್ಲಿ ಸೆಳೆಯುವುದು ನೀರಲ್ಲ. ಸೋಮವಾರದ ಕಚೇರಿ ಅಥವಾ ಕಾಲೇಜು. ನಿಲುಗಡೆಯ ಚರಿತ್ರೆಯಿಂದ ನಾವು ತಿಳಿಯುವುದಿಷ್ಟು: ನಿಯಮವನ್ನು ಅದು ಹುಟ್ಟಿದ ಸನ್ನಿವೇಶದಿಂದ ಬಿಡಿಸಿ ಅದರ ಕಾರಣವನ್ನು ಅರಿತವರು ಮಾತ್ರ ಹೊಸ ಸನ್ನಿವೇಶದಲ್ಲಿ ಅದನ್ನು ಸರಿಯಾಗಿ ಪಾಲಿಸಬಲ್ಲರು. ಹಗ್ಗ ಹೋದರೂ ಆಳವನ್ನು ಕಾಯಬಹುದು. ಸ್ಥಳ ಜಾರಿದರೂ ಕಾಲವನ್ನು ಕಾಯಬಹುದು. ದೇಹ ಕೇಳುವುದು ಇವೆರಡನ್ನೇ.